ಕೂಸಿನ ನಡೆನುಡಿಗೆ ಯಾರ ಅಳತೆಗೋಲು?

ಮಂಗಳೂರಿನ ತುಳು ಮನೆಯೊಂದರ ಕೂಸು ತಾಯಿಯನ್ನು ಕಂಡು ‘ಅಪ್ಪೆ’ ಎನ್ನುತ್ತದೆ. ತಂದೆಯನ್ನು ಕಂಡು ‘ಅಮ್ಮೆ’ ಎನ್ನುತ್ತದೆ. ‘ಮಗುವು ಅಪ್ಪ, ಅಮ್ಮ ಎಂಬ ಮಾತುಗಳನ್ನು ತಕ್ಕ ವ್ಯಕ್ತಿಗೇ ಬಳಸುತ್ತದೆಯೇ?’ ಎಂಬ ಪ್ರಶ್ನೆಯನ್ನು ಹಿಡಿದು, ತುಳು ಬಾರದ ಪರೀಕ್ಷಕನೊಬ್ಬನು ಆ ಮನೆಗೆ ಬಂದನೆನ್ನಿ. ಕೂಸು ತಂದೆತಾಯಿಯರನ್ನೇ ಅದಲುಬದಲು ಮಾಡುತ್ತಿದೆಯೆಂದು ಅವನು ಬರೆದುಕೊಂಡಾನು! ತಪ್ಪು ಕೂಸಿನದಲ್ಲ, ಪ್ರಶ್ನೆಯದು.

ಎಳೆಯ ಮಕ್ಕಳ ಬೆಳವಣಿಗೆಯಲ್ಲಿ ಹಿಂದುಳಿಕೆಯಿದ್ದರೆ ಅದನ್ನು ಬೇಗನೆ ಗುರುತಿಸಲು ವೈದ್ಯರು ಇಂತಹ ಪ್ರಶ್ನಾವಳಿಗಳನ್ನು ಬಳಸುವರು. ಇವು ಜರಡಿಯಿದ್ದಂತೆ, ರೋಗವನ್ನು ನಿರ್ಣಯಿಸುವುದಿಲ್ಲ, ಹೆಚ್ಚಿನ ಪರೀಕ್ಷೆ ಯಾರಿಗೆ ಬೇಕೆಂಬುದನ್ನು ಮಾತ್ರ ಬೇರ್ಪಡಿಸಿ ತೋರಿಸುತ್ತವೆ. ಅಮೆರಿಕದ ಡೆನ್ವರ್ ನಗರದಲ್ಲಿ ಫ್ರಾಂಕೆನ್‌ಬರ್ಗ್ ಮತ್ತು ಡಾಡ್ಸ್ ಎಂಬವರು 1967ರಲ್ಲಿ ಪ್ರಕಟಿಸಿದ ಪರೀಕ್ಷೆಯು ಇವುಗಳಲ್ಲಿ ಪ್ರಸಿದ್ಧವಾದುದು. ಆ ನಗರದ 1036 ಮಕ್ಕಳನ್ನು ಪರೀಕ್ಷಿಸಿ, ನೂರಕ್ಕೆ 25, 50, 75, 90 ಮಕ್ಕಳು ಯಾವ ಕೆಲಸವನ್ನು ಯಾವ ವಯಸ್ಸಿಗೆ ಮಾಡಬಲ್ಲರೆಂದು ಅವರು ಗೊತ್ತುಮಾಡಿದರು. ಅಳತೆ ಸೊಗಸಾದುದೇ, ಆದರೆ ಅದು ಡೆನ್ವರಿನ ಮಕ್ಕಳ ಅಳತೆ. ಚಮಚದಿಂದ ಉಣ್ಣುವುದು ಅದರಲ್ಲಿ ಒಂದು ಸಾಮರ್ಥ್ಯ. ಕೈಯಿಂದಲೇ ಉಣ್ಣುವ ಮನೆಯ ಮಗು ಇದರಲ್ಲಿ ಸೋತರೆ, ಅದಕ್ಕೆ ಶಕ್ತಿಯಿಲ್ಲವೆಂದಲ್ಲ; ಸಂದರ್ಭವಿಲ್ಲ.

ಹಾಗಾದರೆ ಪ್ರಶ್ನೆಗಳನ್ನು ಕನ್ನಡಕ್ಕೆ ಭಾಷಾಂತರಿಸಿದರೆ ಸಾಲದೆ? ಸಾಲದು ಎಂಬುದೇ ನನ್ನ ವಾದ. ಚಮಚದ ಬದಲು ‘ಮಗುವು ನೀರುದೋಸೆಯನ್ನು ಹರಿದು, ಚಟ್ನಿಯಲ್ಲಿ ಅದ್ದಿ ತಿನ್ನುತ್ತದೆಯೇ?’ ಎಂದು ಕೇಳಬಹುದು. ಆದರೆ ಈ ಕೆಲಸ ಚಮಚ ಹಿಡಿಯುವುದಕ್ಕಿಂತ ಮೊದಲೇ ಬಂದೀತು, ತಡವಾಗಿಯೂ ಬಂದೀತು. ಆದುದರಿಂದ ಹೊಸ ಪ್ರಶ್ನೆಗೆ ಹಳೆಯ ವಯೋಮಿತಿ ಸಲ್ಲದು. ನಮ್ಮ ಮಕ್ಕಳನ್ನೇ ನೋಡಿ ಅದನ್ನು ಮತ್ತೆ ಗೊತ್ತುಮಾಡಬೇಕು.

ಈ ದಾರಿ ನಮಗೆ ಹೊಸತೇನೂ ಅಲ್ಲ. ಬಿನೆಯ ಬುದ್ಧಿಪರೀಕ್ಷೆಯನ್ನು ವಿ. ವಿ. ಕಾಮತರು ಕನ್ನಡ ಮತ್ತು ಮರಾಠಿ ಮಕ್ಕಳಿಗೆ ಹೊಂದಿಸಿದುದು 1934ರಷ್ಟು ಹಿಂದೆ. ಬೇಲಿ ಎಂಬಾಕೆಯ ಶಿಶುಪರೀಕ್ಷೆಯನ್ನು ಪ್ರಮೀಳಾ ಫಾಟಕರು ಬರೋಡದಲ್ಲಿ ಭಾರತೀಯ ಶಿಶುಗಳಿಗಾಗಿ ತಿದ್ದಿದರು. ಅದೇ ಬೇಲಿ ಪರೀಕ್ಷೆಯಿಂದ 17 ಅಂಶಗಳನ್ನು ಆರಿಸಿ, ತಿರುವನಂತಪುರದಲ್ಲಿ ಸಿದ್ಧಪಡಿಸಿದ ಪಟ್ಟಿಯು 1991ರಲ್ಲಿ ಪ್ರಕಟವಾಯಿತು.

ಇಲ್ಲಿ ಒಂದು ಎಚ್ಚರಿಕೆ ಅವಶ್ಯ. ‘ನಮ್ಮ ರೀತಿಯೇ ಬೇರೆ’ ಎಂದು ಅಳತೆಯನ್ನೇ ಕೈಬಿಡುವುದು ಇನ್ನೂ ದೊಡ್ಡ ತಪ್ಪು. ‘ನಮ್ಮ ಮನೆಯಲ್ಲಿ ಎಲ್ಲರೂ ತಡವಾಗಿಯೇ ಮಾತಾಡಿದವರು’ ಎಂದು ಸುಮ್ಮನಿದ್ದರೆ, ಕಿವಿ ಕೇಳಿಸದ ಕೂಸೊಂದು ಮಾತು ಕಲಿಯುವ ಅಮೂಲ್ಯ ವರ್ಷಗಳನ್ನು ಕಳೆದುಕೊಂಡೀತು. ಜರಡಿಯ ಕಣ್ಣು ಕಿರಿದಾದರೆ ಆರೋಗ್ಯವಂತ ಶಿಶುವಿನ ತಾಯಿಗೆ ವ್ಯರ್ಥ ಕಳವಳ. ಹಿರಿದಾದರೆ ನೆರವು ಬೇಕಾದ ಮಗುವೇ ಕೈತಪ್ಪಿಹೋಗುತ್ತದೆ.

2013ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಲ್ಲಿ ಬೆಳವಣಿಗೆಯ ಹಿಂದುಳಿಕೆಯ ತಪಾಸಣೆಯೂ ಸೇರಿದೆ. ಆದರೆ ಮಂಗಳೂರಿನಂತಹ ಊರಿನಲ್ಲಿ ಕೂಸಿನ ಮನೆಮಾತು ತುಳುವೋ ಕೊಂಕಣಿಯೋ ಬ್ಯಾರಿಯೋ ಆಗಿರಬಹುದು. ಅಂಗನವಾಡಿಯಲ್ಲಿ ಕನ್ನಡ ಕಿವಿಗೆ ಬೀಳಬಹುದು. ಅದರ ಕನ್ನಡ ಪದಗಳನ್ನಷ್ಟೇ ಎಣಿಸಿದರೆ ಲೆಕ್ಕ ಅರ್ಧವಾಗುತ್ತದೆ. ಎಲ್ಲ ಭಾಷೆಗಳ ಪದಗಳನ್ನೂ ಕೂಡಿಸಬೇಕು. ಪ್ರಶ್ನೆಯನ್ನು ತಾಯಿಯ ಮಾತಿನಲ್ಲಿಯೇ ಕೇಳಬೇಕು. ಆ ಪ್ರಶ್ನೆಗಳನ್ನು ಈ ನೆಲದ ಮಕ್ಕಳ ಮೇಲೆ ಒರೆಗೆ ಹಚ್ಚಿದ ಬಳಿಕವೇ ಬಳಕೆಗೆ ತರಬೇಕು.

ವಿದ್ಯಾರ್ಥಿಗಳಾದ ನೀವು ಪ್ರಯೋಗಶಾಲೆಯಲ್ಲಿ ವರ್ನಿಯರ್ ಕ್ಯಾಲಿಪರ್ಸನ್ನು ಕೈಗೆತ್ತಿಕೊಂಡಾಗ ಮೊದಲು ಅದರ ಶೂನ್ಯದೋಷವನ್ನು ನೋಡುವಿರಿ. ಹಿತ್ತಾಳೆಯ ಉರುಟಿಗೆ ಸಲ್ಲುವ ಈ ನ್ಯಾಯ ಎರಡು ವರ್ಷದ ಕೂಸಿಗೂ ಸಲ್ಲಬೇಡವೇ?