ಬಂದೂಕಿನ ಲೆಕ್ಕ ಸಿಕ್ಕಿತು, ಚಟದ್ದು ಸಿಗಲಿಲ್ಲ

ಹನ್ನೊಂದು ವರ್ಷ ನಡೆದ ಅಂತರ್ಯುದ್ಧ ಮುಗಿಯಿತೆಂದು ಪಶ್ಚಿಮ ಆಫ್ರಿಕಾದ ಸಿಯೆರಾ ಲಿಯೋನ್ ಸಾರಿದ್ದು 2002ರ ಜನವರಿಯಲ್ಲಿ. ಶಸ್ತ್ರ ಒಪ್ಪಿಸಿದವರು 72 ಸಾವಿರಕ್ಕೂ ಹೆಚ್ಚು. ಅವರಲ್ಲಿ ಸುಮಾರು 6,800 ಮಂದಿ ಮಕ್ಕಳು. ಆ ಮಕ್ಕಳ ಹೆದರಿಕೆ ಹೋಗಲೆಂದು ಕಮಾಂಡರುಗಳು ಗಾಂಜಾ ಸೇದಿಸಿದ್ದರು, ಗುಳಿಗೆ ನುಂಗಿಸಿದ್ದರು, ಕೊಕೇನಿಗೆ ಕೋವಿಮದ್ದು ಬೆರೆಸಿದ ‘ಬ್ರೌನ್-ಬ್ರೌನ್’ ಕೊಟ್ಟಿದ್ದರು. ಕೆಲವರಿಗೆ ಕಣತಲೆಯಲ್ಲಿ ಗೀರಿ ಗಾಯಕ್ಕೇ ಅದನ್ನು ತುಂಬಿದ್ದರು. ಬಂದೂಕುಗಳನ್ನು ಎಣಿಸಿ ಪಡೆದ ವಿಶ್ವಸಂಸ್ಥೆಯ ಶಾಂತಿಪಡೆ ಮೈಯೊಳಗೆ ಇಳಿದದ್ದನ್ನು ಎಣಿಸಲಿಲ್ಲ.

ಈಗ ಶಾಲೆಯಲ್ಲಿರುವವರು ಯುದ್ಧವನ್ನೇ ಕಾಣದವರು. 2018ರಿಂದ ಸರ್ಕಾರಿ ಶಾಲೆಗಳಲ್ಲಿ ಶುಲ್ಕವಿಲ್ಲ. ಇದು ದೊಡ್ಡ ಕೆಲಸ, ಒಪ್ಪೋಣ. ಆದರೆ ಅದಕ್ಕೆ ಮೊದಲೇ ಎಬೋಲಾ ಶಾಲೆಗಳ ಬಾಗಿಲನ್ನು ತಿಂಗಳುಗಟ್ಟಲೆ ಮುಚ್ಚಿಸಿತ್ತು, 2020ರಲ್ಲಿ ಕೊರೊನಾ ಮತ್ತೆ ಮುಚ್ಚಿಸಿತು. ಓದು ಮುಗಿಸಿದವನಿಗೂ ಕೆಲಸವಿಲ್ಲ. ಆ ಖಾಲಿ ಜಾಗಕ್ಕೆ ಬಂದು ಕೂತದ್ದು ‘ಕುಶ್’. ಹೆಸರು ಕೇಳಿದರೆ ನಮಗೆ ಲವ-ಕುಶರ ನೆನಪು. ಅಲ್ಲಿ ಅದು ಒಣಎಲೆಗೆ ರಾಸಾಯನಿಕ ಸಿಂಪಡಿಸಿದ ಅಗ್ಗದ ಸೇದುಸೊಪ್ಪು. ಸೇದಿದ ಹುಡುಗರು ನಿಂತಲ್ಲೇ ತೂಕಡಿಸುತ್ತಾರೆ, ಕಾಲು ಬಾತು ಹುಣ್ಣಾಗುತ್ತದೆ. ಹೆಣದ ಎಲುಬಿನ ಪುಡಿ ಬೆರೆಸುತ್ತಾರೆಂಬ ಗುಲ್ಲು ಎಷ್ಟು ಹಬ್ಬಿತೆಂದರೆ ರಾಜಧಾನಿ ಫ್ರೀಟೌನಿನ ಸ್ಮಶಾನಗಳಿಗೆ ಪೊಲೀಸ್ ಕಾವಲು ಬಂತು. 2025ರ ಫೆಬ್ರುವರಿಯಲ್ಲಿ ಪ್ರಕಟವಾದ ಪ್ರಯೋಗಾಲಯದ ವರದಿಯಲ್ಲಿ ಸಿಕ್ಕದ್ದು ಬೇರೆ: ಗಾಂಜಾದ ಮತ್ತನ್ನು ಅನುಕರಿಸುವ ಕೃತಕ ಕ್ಯಾನಬಿನಾಯ್ಡ್, ಜೊತೆಗೆ ಅಫೀಮಿನ ಗುಣವುಳ್ಳ, ಉಸಿರನ್ನೇ ನಿಲ್ಲಿಸಬಲ್ಲ ನಿಟಾಜೀನ್.

ಅಧ್ಯಕ್ಷ ಜೂಲಿಯಸ್ ಮಾದಾ ಬಿಯೊ ಕುಶ್ ಹಾವಳಿಯ ವಿರುದ್ಧ ತುರ್ತುಸ್ಥಿತಿ ಘೋಷಿಸಿದ್ದು 2024ರ ಏಪ್ರಿಲ್‌ನಲ್ಲಿ. ನೆರೆಯ ಲೈಬೀರಿಯಾ ಅದೇ ವರ್ಷದ ಜನವರಿಯಲ್ಲೇ ಘೋಷಿಸಿತ್ತು. ಊರು ಕೊಳ್ಳೆಹೋದ ಮೇಲೆ ಕೋಟೆ ಬಾಗಿಲು ಹಾಕಿದ ಕತೆ. ಅದಾದರೂ ಸರಿ, ಬಾಗಿಲ ಹಿಂದೆ ಚಿಕಿತ್ಸೆ ಇರಬೇಕಲ್ಲ? ದೇಶದ ಏಕೈಕ ಮನೋರೋಗ ಆಸ್ಪತ್ರೆ ಫ್ರೀಟೌನಿನ ಕಿಸ್ಸಿಯಲ್ಲಿದೆ. ಎರಡು ಶತಮಾನದಷ್ಟು ಹಳೆಯದು, ರೋಗಿಗಳ ಸರಪಳಿ ಕಳಚಿದ್ದು ಮೊನ್ನೆ ಮೊನ್ನೆ. ಹುಡುಗರನ್ನು ಹಿಡಿದು ಲಾರಿಗೆ ಹತ್ತಿಸುವುದನ್ನು ಚಿಕಿತ್ಸೆ ಎನ್ನಲಾಗದು.

ಆ ಭಾಗದ ಚಟದಲ್ಲಿ ನಮ್ಮ ಬಾಬ್ತೂ ಇದೆ. ಭಾರತದ ಕಾರ್ಖಾನೆಗಳ ಟ್ರಮಡಾಲ್ ಎಂಬ ಅಫೀಮಿನ ಗುಣದ ನೋವುಗುಳಿಗೆ ವರ್ಷಗಟ್ಟಲೆ ಪಶ್ಚಿಮ ಆಫ್ರಿಕಾದ ಬೀದಿಗಳಲ್ಲಿ ಬಿಕರಿಯಾಯಿತು. ಅದನ್ನು ಮಾದಕವಸ್ತು ಕಾಯ್ದೆಯಡಿ ತಂದದ್ದು 2018ರಲ್ಲಿ. ಅಷ್ಟಾದರೂ ಟಪೆಂಟಡಾಲ್ ಮತ್ತು ಕ್ಯಾರಿಸೊಪ್ರೊಡಾಲ್ ಬೆರೆಸಿದ ಗುಳಿಗೆಗಳು ಹೋಗುತ್ತಲೇ ಇದ್ದವು. ಅವುಗಳ ರಫ್ತು ಅನುಮತಿಯನ್ನು ದೆಹಲಿ ಹಿಂತೆಗೆದುಕೊಂಡದ್ದು 2025ರ ಫೆಬ್ರುವರಿಯಲ್ಲಿ, ಅದೂ ವಿದೇಶಿ ಪತ್ರಕರ್ತರು ಗುಟ್ಟು ಬಯಲಿಗೆಳೆದ ಮೇಲೆ.