ಹೊರೆಯಾಗದ ಒಲೆ

ರಜೆಯ ದಿನಗಳು ಬಂದವೆಂದರೆ ನಮ್ಮ ಮನೆಗಳ ತರುಣ ತರುಣಿಯರು ಬೆನ್ನಿಗೆ ಚೀಲವನ್ನೇರಿಸಿ ಬೆಟ್ಟಗುಡ್ಡಗಳ ಕಡೆಗೆ ಹೊರಡುವುದು ಇಂದು ಸಾಮಾನ್ಯ ಸಂಗತಿಯಾಗಿದೆ. ಕುಮಾರಪರ್ವತ, ತಡಿಯಂಡಮೋಳ್ ಮೊದಲಾದ ನಮ್ಮ ಗಿರಿಗಳಿಂದ ಹಿಡಿದು ಹಿಮಾಲಯದ ಕಣಿವೆಗಳವರೆಗೆ ಅವರ ಹೆಜ್ಜೆ ಸಾಗಿದೆ. ಇದು ಮೆಚ್ಚತಕ್ಕ ವಿಷಯವೇ. ಕಾಲಿಗೆ ಬಲವನ್ನೂ ಮನಸ್ಸಿಗೆ ಸಂಯಮವನ್ನೂ ಕಲಿಸುವ ಇಂಥ ಹವ್ಯಾಸವನ್ನು ಹಿರಿಯರು ಪ್ರೋತ್ಸಾಹಿಸಬೇಕೆಂದು ನಾವು ಬಗೆಯುತ್ತೇವೆ. ಆದರೆ ಹೊರಡುವ ಮುನ್ನ ಪ್ರತಿಯೊಂದು ಮನೆಯಲ್ಲಿಯೂ ಒಂದು ಪ್ರಶ್ನೆ ಏಳುತ್ತದೆ: ಅಡುಗೆಗೆಂದು ಏನನ್ನು ಒಯ್ಯಬೇಕು? ಅಂಗಡಿಯವರು ಅಂಗೈಯಲ್ಲಿ ಅಡಗುವ ಒಲೆಯೊಂದನ್ನು ತೋರಿಸಿ, ಇದರ ತೂಕ ನೂರು ಗ್ರಾಂ ಕೂಡ ಇಲ್ಲ ಎನ್ನುತ್ತಾರೆ. ಮಾತು ಸುಳ್ಳಲ್ಲ, ಆದರೆ ಪೂರ್ಣ ಸತ್ಯವೂ ಅಲ್ಲ.

ಬೆನ್ನು ಹೊರುವುದು ಕೇವಲ ಒಲೆಯನ್ನಲ್ಲ, ಇಡೀ ಅಡುಗೆಮನೆಯನ್ನು. ಒಲೆ, ಇಂಧನ, ಇಂಧನದ ಡಬ್ಬಿ, ಪಾತ್ರೆ, ಮುಚ್ಚಳ, ಇವೆಲ್ಲವನ್ನೂ ಒಟ್ಟಾಗಿ ತಕ್ಕಡಿಗೆ ಹಾಕಿದಾಗಲೇ ಹಗುರ ಯಾವುದು, ಭಾರ ಯಾವುದು ಎಂಬುದು ತಿಳಿಯುತ್ತದೆ. ಹೋಗುವ ಸ್ಥಳ, ಇರುವ ದಿನ, ಉಣ್ಣುವ ಜನ, ಈ ಮೂರನ್ನು ಮೊದಲು ನಿಶ್ಚಯಿಸಿಕೊಂಡು ಅನಂತರವೇ ಒಲೆಯನ್ನು ಆರಿಸಬೇಕೆಂಬುದು ನಾವು ಹೇಳಬೇಕೆಂದಿರುವ ಮುಖ್ಯ ಮಾತು.

ಲೆಕ್ಕವನ್ನು ನೀರಿನಿಂದ ಆರಂಭಿಸೋಣ. 20 ಡಿಗ್ರಿ ಉಷ್ಣತೆಯ ಒಂದು ಲೀಟರ್ ನೀರನ್ನು ಕುದಿಬಿಂದುವಿಗೆ ತರಲು 80 ಕಿಲೋಕ್ಯಾಲರಿ ಶಾಖ ಬೇಕು. ಬಯಲಿನಲ್ಲಿ ಉರಿಯುವ ಒಲೆಯ ಶಾಖದಲ್ಲಿ ಅರ್ಧದಷ್ಟು ಗಾಳಿಗೆ ಹೋಗುತ್ತದೆಂದು ಹಿಡಿದರೆ, ಒಂದು ಲೀಟರಿಗೆ ಸುಮಾರು 15 ಗ್ರಾಂ ಅನಿಲ, ಅಷ್ಟೇ ಅಥವಾ ತುಸು ಹೆಚ್ಚು ಸೀಮೆಎಣ್ಣೆ, ಇಲ್ಲವೇ 26-27 ಗ್ರಾಂ ಸ್ಪಿರಿಟ್ ವೆಚ್ಚವಾಗುತ್ತದೆ. ನಾಲ್ವರು ಎರಡು ರಾತ್ರಿ ತಂಗುವ ಚಾರಣದಲ್ಲಿ, ಚಹಾ ಸಹಿತ ನಾಲ್ಕು ಹೊತ್ತಿನ ಅಡುಗೆಗೆ, ಹೊತ್ತಿಗೆ ಎರಡೂವರೆ ಲೀಟರಿನಂತೆ 10 ಲೀಟರ್ ನೀರು ಕಾಯಬೇಕು. ಇದಕ್ಕೆ 150 ಗ್ರಾಂ ಅನಿಲ ಸಾಕು. 230 ಗ್ರಾಂ ಅನಿಲ ತುಂಬಿದ ಡಬ್ಬಿಯೊಂದನ್ನು ಒಯ್ದರೆ ಗಾಳಿಗೂ ಮಂದ ಉರಿಗೂ ಮಿಗುತ್ತದೆ. ಖಾಲಿ ಡಬ್ಬಿಯ ತೂಕ ಸುಮಾರು 150 ಗ್ರಾಂ, ಒಲೆ 100 ಗ್ರಾಂ. ಅಂತೂ ಅರ್ಧ ಕಿಲೋದೊಳಗೆ ಕೆಲಸ ಮುಗಿಯಿತು. ಇಷ್ಟು ಅಲ್ಪಾವಧಿಗೆ ಅನಿಲದ ಒಲೆಯನ್ನು ಮೀರಿಸುವುದು ಕಷ್ಟ.

ಅದೇ ನಾಲ್ವರು ಹತ್ತು ದಿನ ನಡೆಯುವುದಾದರೆ 50 ಲೀಟರ್ ನೀರು ಕಾಯಬೇಕು. ಆಗ ಅಂಥ ನಾಲ್ಕು ಡಬ್ಬಿ ಬೇಕಾಗುತ್ತವೆ. ಅವುಗಳ ತಗಡೇ 600 ಗ್ರಾಂ ಆಗುತ್ತದೆ. ಖಾಲಿಯಾದ ಮೇಲೂ ಅದನ್ನು ಹೊತ್ತು ತರಬೇಕು. ಒಟ್ಟು ತೂಕ 1,600 ಗ್ರಾಂ ಮೀರುತ್ತದೆ. ಪಂಪಿನ ಸೀಮೆಎಣ್ಣೆ ಒಲೆ ತಾನು 400 ಗ್ರಾಂ ಇದ್ದರೂ, ಸೀಸೆ ಮತ್ತು ಎಣ್ಣೆ ಸೇರಿ ಒಂದೂವರೆ ಕಿಲೋದೊಳಗೆ ನಿಲ್ಲುತ್ತದೆ. ಎರಡು ದಿನಕ್ಕೆ ಭಾರವಾಗಿ ತೋರಿದ ಒಲೆ ಹತ್ತು ದಿನಕ್ಕೆ ಹಗುರವಾಯಿತು. ಅಂಗಡಿಯ ತಕ್ಕಡಿ ಈ ಸೂಕ್ಷ್ಮವನ್ನು ತೋರಿಸಲಾರದು.

ಪಂಪಿನ ಒಲೆ ನಮ್ಮ ತಾಯಂದಿರಿಗೆ ಅಪರಿಚಿತವೇನಲ್ಲ. 1892ರಲ್ಲಿ ಸ್ವೀಡನ್ನಿನ ಫ್ರಾನ್ಸ್ ವಿಲ್ಹೆಲ್ಮ್ ಲಿಂಡ್‌ಕ್ವಿಸ್ಟ್ ಎಂಬವರು ರೂಪಿಸಿದ ಪ್ರೈಮಸ್ ಒಲೆಯ ವಂಶಕ್ಕೆ ಸೇರಿದ್ದು ಅದು. ಎಣ್ಣೆಯನ್ನು ಬತ್ತಿಯಲ್ಲಿ ಉರಿಸದೆ, ಕಾದ ಕೊಳವೆಯಲ್ಲಿ ಆವಿ ಮಾಡಿ ಒತ್ತಡದಿಂದ ಹೊರಚಿಮ್ಮಿಸಿ ಉರಿಸುವುದರಿಂದ ಮಸಿ ಕಡಿಮೆ, ಶಾಖ ಅಧಿಕ. ನಾರ್ವೆಯ ನಾನ್‌ಸೆನ್ ಉತ್ತರ ಧ್ರುವದ ಹಿಮಸಾಗರಕ್ಕೂ, ಅಮುಂಡ್‌ಸೆನ್ 1911ರಲ್ಲಿ ದಕ್ಷಿಣ ಧ್ರುವಕ್ಕೂ ಇದನ್ನೇ ಕೊಂಡೊಯ್ದರು. ನಾನ್‌ಸೆನ್ ಒಂದು ಜಾಣ್ಮೆಯನ್ನೂ ಮೆರೆದರು: ಅಡುಗೆಯ ಪಾತ್ರೆಯ ಸುತ್ತ ಇನ್ನೊಂದು ಬಳೆಯಂಥ ಪಾತ್ರೆಯನ್ನಿರಿಸಿ, ವ್ಯರ್ಥವಾಗುವ ಶಾಖದಿಂದಲೇ ಹಿಮವನ್ನು ಕರಗಿಸಿದರು. ಪಾತ್ರೆಯ ವಿವೇಕ ಇಂಧನದ ಹೊರೆಯನ್ನು ತಗ್ಗಿಸಬಲ್ಲದೆಂಬುದಕ್ಕೆ ಇದು ಉತ್ತಮ ನಿದರ್ಶನ.

ಎತ್ತರ ಹೆಚ್ಚಿದಂತೆ ಲೆಕ್ಕವೂ ಬದಲಾಗುತ್ತದೆ. ಸುಮಾರು 300 ಮೀಟರ್ ಏರಿದಂತೆಲ್ಲ ನೀರಿನ ಕುದಿಬಿಂದು ಒಂದು ಡಿಗ್ರಿ ಇಳಿಯುತ್ತದೆ. 1,712 ಮೀಟರ್ ಎತ್ತರದ ಕುಮಾರಪರ್ವತದಲ್ಲಿ ನೀರು 94 ಡಿಗ್ರಿಯ ಆಸುಪಾಸಿನಲ್ಲಿ ಕುದಿಯುವುದರಿಂದ ಅನ್ನಕ್ಕೆ ತೊಂದರೆಯಿಲ್ಲ. 3,583 ಮೀಟರಿನ ಕೇದಾರನಾಥದಲ್ಲಿ ಅದು 88 ಡಿಗ್ರಿಗೇ ಕುದಿಯತೊಡಗುತ್ತದೆ. ಬೇಳೆ ಎಷ್ಟು ಕುದಿಸಿದರೂ ಕಾಳು ಕಾಳಾಗಿಯೇ ಉಳಿಯುತ್ತದೆ. 1835ರ ಮಾರ್ಚಿಯಲ್ಲಿ ಆಂಡೀಸ್ ಪರ್ವತವನ್ನು ದಾಟುತ್ತಿದ್ದ ಚಾರ್ಲ್ಸ್ ಡಾರ್ವಿನ್ನರ ಸಂಗಡಿಗರು ಗಂಟೆಗಟ್ಟಲೆ ಬೇಯಿಸಿದರೂ ಆಲೂಗಡ್ಡೆ ಮೆತ್ತಗಾಗಲಿಲ್ಲ. ಅವರು ಹೊಸ ಪಾತ್ರೆಯನ್ನು ಶಪಿಸಿದರಂತೆ! ದೋಷ ಪಾತ್ರೆಯದಲ್ಲ, ವಾಯುಭಾರದ್ದು. ಹಿಮಾಲಯಕ್ಕೆ ಹೋಗುವ ದೊಡ್ಡ ತಂಡಗಳು ಪ್ರೆಷರ್ ಕುಕ್ಕರನ್ನು ಒಯ್ಯುವುದು ಇದೇ ಕಾರಣಕ್ಕೆ. ಇಬ್ಬರು ಮೂವರಿದ್ದರೆ ಕುಕ್ಕರಿನ ಭಾರ ಬೇಡ; ಅವಲಕ್ಕಿ, ಶಾವಿಗೆ, ಹುರಿದ ರವೆ, ಹುರಿಹಿಟ್ಟುಗಳಂಥ ಬಿಸಿನೀರಿಗೇ ಮೃದುವಾಗುವ ಪದಾರ್ಥಗಳನ್ನು ಆರಿಸಿಕೊಳ್ಳಬೇಕು.

ಶೀತಪ್ರದೇಶದಲ್ಲಿ ಅನಿಲದ ಗುಣವನ್ನೂ ತಿಳಿದಿರಬೇಕು. ಬ್ಯೂಟೇನ್ ಸೊನ್ನೆ ಡಿಗ್ರಿಗಿಂತ ಅರ್ಧ ಡಿಗ್ರಿ ಕೆಳಗೆ ಆವಿಯಾಗುವುದನ್ನು ನಿಲ್ಲಿಸುತ್ತದೆ. ಐಸೋಬ್ಯೂಟೇನಿನ ಮಿತಿ ಮೈನಸ್ 12 ಡಿಗ್ರಿಯ ಸಮೀಪ, ಪ್ರೋಪೇನಿನದು ಮೈನಸ್ 42. ಆದ್ದರಿಂದ ಹಿಮದ ನಾಡಿಗೆ ಬರಿಯ ಬ್ಯೂಟೇನ್ ಡಬ್ಬಿ ನಿಷ್ಪ್ರಯೋಜಕ. ಐಸೋಬ್ಯೂಟೇನ್ ಹಾಗೂ ಪ್ರೋಪೇನ್ ಬೆರೆತ ಡಬ್ಬಿಯನ್ನೇ ಕೇಳಿ ಪಡೆಯಬೇಕು. ಹಿಮವನ್ನು ಕರಗಿಸಿ ಕುಡಿಯುವ ಪ್ರಸಂಗವಿದ್ದರೆ ಇಂಧನವನ್ನು ಎರಡು ಪಟ್ಟಿಗೂ ಮಿಗಿಲಾಗಿ ಇಟ್ಟುಕೊಳ್ಳಬೇಕು. ಏಕೆಂದರೆ ಒಂದು ಕಿಲೋ ಹಿಮವನ್ನು ಕರಗಿಸುವುದಕ್ಕೇ 80 ಕಿಲೋಕ್ಯಾಲರಿ ಬೇಕು, ಕುದಿಸುವುದು ಬೇರೆ.

ಇಲ್ಲಿ ಉಳಿತಾಯ ಮಾಡಿದರೆ ಫಲವೇನೆಂಬುದಕ್ಕೆ ಎವರೆಸ್ಟಿನ ಇತಿಹಾಸವೇ ಸಾಕ್ಷಿ. 1952ರ ಮೇ ತಿಂಗಳಲ್ಲಿ ತೇನ್‌ಸಿಂಗ್ ನೋರ್ಗೆ ಮತ್ತು ಸ್ವಿಟ್ಜರ್ಲೆಂಡಿನ ರೇಮಂಡ್ ಲ್ಯಾಂಬರ್ಟ್ ಸುಮಾರು 8,400 ಮೀಟರ್ ಎತ್ತರದಲ್ಲಿ ಒಲೆಯಿಲ್ಲದೆ, ಮಲಗುವ ಚೀಲಗಳಿಲ್ಲದೆ ರಾತ್ರಿ ಕಳೆದರು. ಮೇಣದ ಬತ್ತಿಯ ಮೇಲೆ ಡಬ್ಬಿಯೊಂದರಲ್ಲಿ ಮಂಜುಗಡ್ಡೆ ಕರಗಿಸಿ ಗುಟುಕು ನೀರು ಕುಡಿದರು. ಮರುದಿನ ಶಿಖರಕ್ಕೆ ಇನ್ನೂ 250 ಮೀಟರಿರುವಾಗ ಹಿಂದಿರುಗಬೇಕಾಯಿತು. ದಣಿವು ಮತ್ತು ಆಮ್ಲಜನಕ ಉಪಕರಣದ ತೊಡಕುಗಳೊಂದಿಗೆ ಬಾಯಾರಿಕೆಯೂ ಅವರನ್ನು ಬಳಲಿಸಿತ್ತು. ಮರುವರ್ಷದ ತಂಡದಲ್ಲಿದ್ದ ಶರೀರವಿಜ್ಞಾನಿ ಗ್ರಿಫಿತ್ ಪ್ಯೂ ಆರೋಹಿಗಳು ಹೇರಳವಾಗಿ ದ್ರವ ಸೇವಿಸಲೇಬೇಕೆಂದು ಪಟ್ಟು ಹಿಡಿದರು. ಹಿಲರಿ ಮತ್ತು ತೇನ್‌ಸಿಂಗ್ ಕೊನೆಯ ಶಿಬಿರಕ್ಕೆ ಒಲೆಯನ್ನು ಹೊತ್ತೊಯ್ದರು, ಬಿಸಿ ಪಾನಕವನ್ನು ತೃಪ್ತಿಯಾಗಿ ಕುಡಿದರು. ಬೆಳಗಿನಲ್ಲಿ ಹೆಪ್ಪುಗಟ್ಟಿದ್ದ ಹಿಲರಿಯ ಬೂಟುಗಳು ಮೆತ್ತಗಾದುದೂ ಅದೇ ಒಲೆಯ ಮೇಲೆ. 1953ರ ಮೇ 29ರಂದು ಅವರು ಶಿಖರದ ಮೇಲೆ ನಿಂತರು. ಅಗತ್ಯವಾದುದನ್ನು ಬಿಟ್ಟು ಸಾಧಿಸುವ ಹಗುರ ನಿಜವಾದ ಹಗುರವಲ್ಲ.

ಇನ್ನು ಪಾತ್ರೆಯ ವಿಚಾರ. ಟೈಟಾನಿಯಂ ಪಾತ್ರೆ ಬಲು ತೆಳು, ಬಲು ಹಗುರ, ಬೆಲೆ ಮಾತ್ರ ಭಾರ. ಅದರ ಶಾಖವಾಹಕತೆ ಅಲ್ಯೂಮಿನಿಯಮಿನ ಹತ್ತನೆಯ ಒಂದು ಭಾಗದಷ್ಟೇ ಇರುವುದರಿಂದ ಜ್ವಾಲೆ ತಾಗಿದೆಡೆ ಅಡುಗೆ ಸೀದು, ಉಳಿದೆಡೆ ಹಸಿಯಾಗಿ ಉಳಿಯುತ್ತದೆ. ನೀರು ಕಾಯಿಸಲು ಅದು ಸರಿ. ಉಪ್ಪಿಟ್ಟು, ಖಿಚಡಿಗಳಿಗೆ ಸಲ್ಲದು. ಸ್ಟೀಲ್ ಗಟ್ಟಿ, ಆದರೆ ಭಾರ. ನಮ್ಮ ಮನೆಗಳ ಆಹಾರಕ್ಕೆ ಗಟ್ಟಿ ಲೇಪನವಿರುವ ಆನೊಡೈಸ್ಡ್ ಅಲ್ಯೂಮಿನಿಯಂ ಪಾತ್ರೆಯೇ ಯೋಗ್ಯವೆಂದು ನಮ್ಮ ಅಭಿಪ್ರಾಯ. ತಳ ಅಗಲವಾಗಿರಲಿ, ಮುಚ್ಚಳ ಬಿಗಿಯಾಗಿರಲಿ, ಒಲೆ ಮತ್ತು ಡಬ್ಬಿ ಅದರೊಳಗೇ ಅಡಗುವಂತಿರಲಿ. ನಾಲ್ವರಿಗೆ ಎರಡೂವರೆ ಲೀಟರಿನ ಒಂದು ಪಾತ್ರೆ, ತಲೆಗೊಂದು ಲೋಟ, ತಲೆಗೊಂದು ಚಮಚ ಸಾಕು.

ಸುರಕ್ಷತೆಯ ಮಾತನ್ನು ತಂದೆತಾಯಿಯರು ಮಕ್ಕಳಿಗೆ ಓದಿ ಹೇಳಬೇಕೆಂದು ಕೋರುತ್ತೇವೆ. ಮುಚ್ಚಿದ ಗುಡಾರದೊಳಗೆ ಯಾವ ಒಲೆಯನ್ನೂ ಹೊತ್ತಿಸಕೂಡದು. ಬಣ್ಣವಿಲ್ಲದ, ವಾಸನೆಯಿಲ್ಲದ ಕಾರ್ಬನ್ ಮಾನಾಕ್ಸೈಡ್ ನಿದ್ರೆಯಲ್ಲಿಯೇ ಪ್ರಾಣ ತೆಗೆಯುತ್ತದೆ. 1934ರಲ್ಲಿ ಅಂಟಾರ್ಕ್ಟಿಕದ ಗುಡಿಸಲಿನಲ್ಲಿ ಏಕಾಂಗಿಯಾಗಿದ್ದ ಅನುಭವಿ ಅನ್ವೇಷಕ ರಿಚರ್ಡ್ ಬರ್ಡ್ ಅವರೇ ಈ ವಿಷದಿಂದ ಸಾವಿನ ಅಂಚಿಗೆ ಹೋಗಿದ್ದರು. ಡಬ್ಬಿಯ ಮೇಲೆ ಕೂರುವ ಒಲೆಗೆ ಗಾಳಿಮರೆಯನ್ನು ಸುತ್ತಲೂ ಕಟ್ಟಬಾರದು. ಡಬ್ಬಿ ಕಾದು ಸಿಡಿಯುತ್ತದೆ. ಗಾಳಿ ಬರುವ ಒಂದು ಕಡೆಗೆ ಮಾತ್ರ ಮರೆ ಸಾಕು. ಸ್ಪಿರಿಟಿನ ಜ್ವಾಲೆ ಹಗಲಿನಲ್ಲಿ ಕಣ್ಣಿಗೆ ಕಾಣದು. ಆರಿ ತಣ್ಣಗಾಗದೆ ಮತ್ತೆ ಸುರಿಯಬಾರದು. ಬೇಸಿಗೆಯಲ್ಲಿ ಪಶ್ಚಿಮಘಟ್ಟದ ಹುಲ್ಲು ಒಣಗಿ ನಿಂತಿರುತ್ತದೆ; ಒಂದು ಕಿಡಿ ಇಡೀ ಗುಡ್ಡವನ್ನೇ ಸುಡಬಲ್ಲದು. ಅರಣ್ಯ ಇಲಾಖೆ ಬೆಂಕಿಯನ್ನು ನಿಷೇಧಿಸಿದ ಕಡೆ ಒಲೆಯನ್ನು ಚೀಲದಿಂದ ತೆಗೆಯಲೇಬಾರದು.

ವಿಮಾನದಲ್ಲಿಯೂ ರೈಲಿನಲ್ಲಿಯೂ ಅನಿಲದ ಡಬ್ಬಿಯನ್ನಾಗಲಿ ಸೀಮೆಎಣ್ಣೆಯನ್ನಾಗಲಿ ಒಯ್ಯುವಂತಿಲ್ಲ. 2023ರ ಆಗಸ್ಟ್ 26ರಂದು ಮಧುರೈ ನಿಲ್ದಾಣದ ಬಳಿ ನಿಂತಿದ್ದ ಯಾತ್ರಿಕರ ಬೋಗಿಯೊಂದರಲ್ಲಿ, ಗುಟ್ಟಾಗಿ ತಂದಿದ್ದ ಸಿಲಿಂಡರಿನಿಂದ ಚಹಾ ಮಾಡಲು ಹೋಗಿ ಬೆಂಕಿ ಹತ್ತಿ ಒಂಬತ್ತು ಜನ ಮೃತಪಟ್ಟರು. ಯಾತ್ರೆಗೆ ಹೊರಟವರು ಮನೆಗೆ ಮರಳಲಿಲ್ಲ. ಆದುದರಿಂದ ಒಲೆಯನ್ನು ಮಾತ್ರ ಒಯ್ದು, ಇಂಧನವನ್ನು ಚಾರಣದ ಊರಿನಲ್ಲಿಯೇ ಕೊಳ್ಳಬೇಕು. ಅಲ್ಲಿ ಯಾವುದು ದೊರೆಯುತ್ತದೆಂದು ಮೊದಲೇ ವಿಚಾರಿಸಿ, ಅದಕ್ಕೆ ಹೊಂದುವ ಒಲೆಯನ್ನು ಆರಿಸುವುದು ಜಾಣತನ.

ಕಡೆಯದಾಗಿ ಒಂದು ಮಾತು. ಒಂದೇ ದಿನದ ಚಾರಣಕ್ಕೆ ಒಲೆಯೇ ಬೇಕಿಲ್ಲ. ನಮ್ಮ ಉತ್ತರ ಕರ್ನಾಟಕದ ಕಟಕ ಸಜ್ಜೆರೊಟ್ಟಿ, ಶೇಂಗಾ ಹಿಂಡಿ, ಬೆಲ್ಲದ ಉಂಡೆಗಳ ಬುತ್ತಿ ದಿನಗಟ್ಟಲೆ ಕೆಡದು, ಬೆಂಕಿಯನ್ನು ಬೇಡದು. ಒಲೆ ಬೇಕಾದಲ್ಲಿ ಮಾತ್ರ ಲೆಕ್ಕ ಹಾಕಿ ಕೊಳ್ಳಿರಿ. ಕೊಂಡುದನ್ನು ಮನೆಯಂಗಳದಲ್ಲಿ ಒಮ್ಮೆ ಹೊತ್ತಿಸಿ, ಒಂದು ಲೀಟರ್ ನೀರು ಕಾಯಿಸಿ, ಇಂಧನ ಎಷ್ಟು ಇಳಿಯಿತೆಂದು ತೂಗಿ ನೋಡಿರಿ. ಅನಂತರ ಹೊರೆಯನ್ನು ಹಂಚುವಾಗ ತಂಡದಲ್ಲಿ ಎಲ್ಲರಿಗಿಂತ ದುರ್ಬಲರಾದವರ ಬೆನ್ನನ್ನು ನೆನೆಯಿರಿ. ಅವರು ಸುಖವಾಗಿ ಹೊತ್ತು ನಡೆಯಬಲ್ಲ ಅಡುಗೆಮನೆಯೇ ಹಗುರವಾದ ಅಡುಗೆಮನೆ.