ಸಾವಿರ ಸುಳ್ಳಿನ ಮೇಲೆ ಕಟ್ಟಿದ ಮದುವೆ

ಅಡಿಕೆ ಸುಲಿತ ಮುಗಿದು, ಕಾಫಿ ಕಣದಿಂದ ಮೇಲೆದ್ದು, ತಪಸ್ಸುಕಾಲವೂ ಕಳೆದು ಪಾಸ್ಕಹಬ್ಬ ಬಂದಿತೆಂದರೆ ಜಯಪುರ, ಕೊಪ್ಪ, ಶೃಂಗೇರಿ, ನರಸಿಂಹರಾಜಪುರಗಳ ಕಡೆಯ ನಮ್ಮ ಕ್ರೈಸ್ತ ಮನೆಗಳಲ್ಲಿ ಮದುವೆಯ ಮಾತುಕತೆಗಳು ಮೊದಲಾಗುತ್ತವೆ. ಹಿಂದೆ ಈ ಮಾತನ್ನು ಮನೆಯಿಂದ ಮನೆಗೆ ಒಯ್ಯುತ್ತಿದ್ದವರು ನೆಂಟರಿಷ್ಟರು ಮತ್ತು ದಲ್ಲಾಳಿಗಳು. ಇಂದು ಹುಡುಗ ಹುಡುಗಿಯರ ವಿವರಗಳೂ ಭಾವಚಿತ್ರಗಳೂ ಮೊಬೈಲಿನ ಮೂಲಕ ಕ್ಷಣಮಾತ್ರದಲ್ಲಿ ಬೆಂಗಳೂರು, ಮಂಗಳೂರು, ಕುವೈತ್, ದುಬೈಗಳನ್ನು ತಲುಪುತ್ತವೆ. ಸಾಧನ ಬದಲಾಗಿದೆ, ಆದರೆ ಆ ವಿವರಗಳ ಹಿಂದೆ ನಿಂತಿರುವ ಹಳೆಯ ಗಾದೆಯೊಂದು ಇನ್ನೂ ಬದಲಾಗಿಲ್ಲ: ಸಾವಿರ ಸುಳ್ಳು ಹೇಳಿ ಒಂದು ಮದುವೆ ಮಾಡು.

ಈ ಗಾದೆಯನ್ನು ಮೊದಲು ಆಡಿದವರಲ್ಲಿ ಕೆಡುಕಿನ ಉದ್ದೇಶ ಇದ್ದಿರಲಾರದು. ಬಡವರ ಮನೆಯ ಹೆಣ್ಣುಮಗಳಿಗೆ ಒಂದು ನೆಲೆಯಾಗಲಿ ಎಂದು ಹಿರಿಯರು ನಾಲ್ಕು ಒಳ್ಳೆಯ ಮಾತನ್ನು ಹೆಚ್ಚಾಗಿಯೇ ಆಡಿರಬಹುದು. ಆದರೆ ಇಂದು ಆ ಗಾದೆಯ ಮರೆಯಲ್ಲಿ ನಡೆಯುತ್ತಿರುವುದೇನು? ಹಳದಿ ಎಲೆ ರೋಗದಿಂದ ಫಸಲು ಕಳೆದುಕೊಂಡ ಅಡಿಕೆ ತೋಟದ ವಿಸ್ತೀರ್ಣವನ್ನು ಹೇಳುತ್ತಾರೆ. ಅದರ ಮೇಲಿರುವ ಬ್ಯಾಂಕಿನ ಸಾಲವನ್ನು ಹೇಳುವುದಿಲ್ಲ. ಹುಡುಗ ಬೆಂಗಳೂರಿನಲ್ಲಿ ಕಂಪೆನಿ ಕೆಲಸದಲ್ಲಿದ್ದಾನೆ ಎನ್ನುತ್ತಾರೆ. ಆ ಕೆಲಸ ಬಿಟ್ಟು ಎಷ್ಟು ಕಾಲವಾಯಿತೆಂದು ಹೇಳುವುದಿಲ್ಲ. ಸಂಜೆಯ ಕುಡಿತ, ಔಷಧಿಯ ಬಲದಿಂದ ಹತೋಟಿಯಲ್ಲಿರುವ ಕಾಯಿಲೆ, ಮುರಿದುಹೋದ ಹಿಂದಿನ ಸಂಬಂಧ, ಇವೆಲ್ಲ ಮದುವೆಯಾದ ಮೇಲೆ ಸರಿಹೋಗುತ್ತವೆ ಎಂಬ ಸಮಾಧಾನದ ಕೆಳಗೆ ಹೂತುಹೋಗುತ್ತವೆ. ಹುಡುಗಿಯ ಮನಸ್ಸು ಬೇರೆ ಕಡೆಗಿದ್ದರೂ 'ಅವಳು ನಮ್ಮ ಮಾತನ್ನು ಮೀರುವವಳಲ್ಲ' ಎಂದು ತಂದೆತಾಯಿಗಳೇ ಅವಳ ಪರವಾಗಿ ಒಪ್ಪಿಗೆ ಕೊಟ್ಟುಬಿಡುತ್ತಾರೆ. ವರದಕ್ಷಿಣೆಯನ್ನು ನಿಷೇಧಿಸಿದ ಕಾಯಿದೆ 1961ರಲ್ಲಿಯೇ ಬಂದಿದ್ದರೂ ಕೊಡುವ ಹಣಕ್ಕೆ 'ಮಗಳಿಗೆ ನಮ್ಮ ಉಡುಗೊರೆ' ಎಂಬ ಮತ್ತೊಂದು ಸುಳ್ಳು ಹೆಸರನ್ನಿಡುತ್ತಾರೆ.

ಈ ಸುಳ್ಳುಗಳ ಹಿಂದೆ ದುರಾಸೆಯಷ್ಟೇ ಅಲ್ಲ, ಭಯವೂ ಇದೆ ಎಂಬುದನ್ನು ನಾವು ಬಲ್ಲೆವು. ಊರಿನಲ್ಲಿ ನಿಂತು ತೋಟ ನೋಡಿಕೊಳ್ಳುವ ಹುಡುಗನಿಗೆ ಹೆಣ್ಣು ಸಿಗುವುದು ದುಸ್ತರವಾಗಿದೆ. ಇದು ಮಲೆನಾಡಿನ ಸಂಕಟ ಮಾತ್ರವಲ್ಲ. 2023ರ ಫೆಬ್ರವರಿಯಲ್ಲಿ ಮಂಡ್ಯ ಜಿಲ್ಲೆಯ ಅವಿವಾಹಿತ ಯುವಕರು, ಬಹುಪಾಲು ರೈತರ ಮಕ್ಕಳು, ತಮಗೆ ವಧು ದೊರೆಯಲೆಂದು ಹರಕೆ ಹೊತ್ತು ಮಲೆ ಮಹದೇಶ್ವರ ಬೆಟ್ಟಕ್ಕೆ ಪಾದಯಾತ್ರೆ ಹೋದುದನ್ನು ಪತ್ರಿಕೆಗಳಲ್ಲಿ ಓದಿದ್ದೇವೆ. ಕೆಲವರು ನಕ್ಕರು, ಮಗನ ವಯಸ್ಸು ಮೂವತ್ತೈದು ದಾಟಿದ ತಾಯಂದಿರು ನಗಲಿಲ್ಲ. ಇಂತಹ ಮನೆಯಲ್ಲಿ ಸತ್ಯ ಹೇಳಿದರೆ ಬಂದ ಸಂಬಂಧವೂ ತಪ್ಪೀತು ಎಂಬ ಅಂಜಿಕೆ ಹುಟ್ಟುವುದು ಸಹಜ. ಆದರೂ ಆ ಅಂಜಿಕೆಗೆ ನಾವು ಕೊಡುವ ಉತ್ತರ ಸುಳ್ಳಾಗಬಹುದೇ ಎಂಬುದೇ ಇಂದಿನ ಪ್ರಶ್ನೆ.

ವಿವಾಹವನ್ನು ಉಂಟುಮಾಡುವುದು ಯಾವುದು? ರೋಸ್ ಶಾಸ್ತ್ರವಲ್ಲ, ಉಂಗುರವಲ್ಲ, ಔತಣವೂ ಅಲ್ಲ. ವಧುವರರು ಪರಸ್ಪರ ಕೊಟ್ಟುಕೊಳ್ಳುವ ಸಮ್ಮತಿಯೇ ವಿವಾಹವನ್ನು ಉಂಟುಮಾಡುತ್ತದೆ ಎಂದು 1983ರ ಧರ್ಮಸಭೆಯ ನಿಯಮಸಂಹಿತೆಯ 1057ನೆಯ ನಿಯಮ ಸಾರುತ್ತದೆ. ಈ ಸಮ್ಮತಿಯನ್ನು ಅವರ ಬದಲಿಗೆ ಲೋಕದ ಯಾವ ಅಧಿಕಾರವೂ ಕೊಡಲಾರದು. ತಂದೆ ಕೊಡಲಾರ, ಗುರುವೂ ಕೊಡಲಾರ. ಇನ್ನು, ಮನಸ್ಸು ತಾನು ಅರಿಯದುದನ್ನು ಬಯಸಲಾರದು ಎಂಬುದು ತತ್ತ್ವಶಾಸ್ತ್ರದ ಮೊದಲ ಪಾಠಗಳಲ್ಲಿ ಒಂದು. ಇಚ್ಛೆಗೆ ದಾರಿ ತೋರುವುದು ಅರಿವು. ನನ್ನ ಮುಂದೆ ನಿಂತವನು ಇಂತಹವನೆಂದು ನಂಬಿ ನಾನು ಒಪ್ಪಿದಾಗ, ಅವನು ವಾಸ್ತವವಾಗಿ ಅಂತಹವನಲ್ಲದಿದ್ದರೆ, ನನ್ನ ಒಪ್ಪಿಗೆ ಇಲ್ಲದ ಒಬ್ಬ ವ್ಯಕ್ತಿಗೆ ಸಂದಿತು. ಆದುದರಿಂದಲೇ ಅದೇ ಸಂಹಿತೆಯ 1098ನೆಯ ನಿಯಮ ಒಂದು ಗಂಭೀರ ಮಾತನ್ನು ಹೇಳುತ್ತದೆ: ದಾಂಪತ್ಯ ಜೀವನವನ್ನು ತೀವ್ರವಾಗಿ ಕದಡಬಲ್ಲ ಗುಣವೊಂದರ ವಿಷಯದಲ್ಲಿ, ಒಪ್ಪಿಗೆ ಪಡೆಯುವ ಉದ್ದೇಶದಿಂದಲೇ ವಂಚಿಸಿ ಮಾಡಿದ ವಿವಾಹ ಅಸಿಂಧು. 1103ನೆಯ ನಿಯಮದಂತೆ ಬಲಾತ್ಕಾರದಿಂದ ಅಥವಾ ಘೋರ ಭಯದಿಂದ ಮಾಡಿಸಿದ ವಿವಾಹವೂ ಅಸಿಂಧು. ಪೌರಸ್ತ್ಯ ಸಭೆಗಳಿಗಾಗಿ 1990ರಲ್ಲಿ ಪ್ರಕಟವಾದ ಸಂಹಿತೆಯ ಬೋಧನೆಯೂ ಇದೇ. ಸಾವಿರ ಸುಳ್ಳು ಹೇಳಿದವರು ಒಂದು ಮದುವೆ ಮಾಡಿದೆವೆಂದು ಹಿಗ್ಗುತ್ತಾರೆ. ಅಲ್ಲಿ ಮದುವೆಯೇ ಆಗದಿರುವ ಸಂಭವವೂ ಉಂಟು.

'ಲೋಕದಲ್ಲಿ ಬಾಳಲು ಸ್ವಲ್ಪ ಜಾಣತನ ಬೇಕಲ್ಲವೇ ಸ್ವಾಮಿ?' ಎಂದು ನಮ್ಮ ಹಿರಿಯರು ಕೇಳುವುದುಂಟು. ಬೇಕು. ಆದರೆ ಜಾಣತನದಲ್ಲಿ ಎರಡು ಬಗೆ. ಸಂತ ತೋಮಸ್ ಅಕ್ವಿನಾಸರು ವಿವೇಕವೆಂಬ ಸದ್ಗುಣಕ್ಕೆ ಮೂರು ಕಾರ್ಯಗಳನ್ನು ಹೇಳುತ್ತಾರೆ: ಚೆನ್ನಾಗಿ ವಿಚಾರಿಸುವುದು, ವಿಚಾರಿಸಿದ್ದನ್ನು ತೂಗಿ ನಿರ್ಣಯಿಸುವುದು, ನಿರ್ಣಯಿಸಿದಂತೆ ನಡೆಯುವುದು. ವಿಚಾರಿಸದೆ ಮುನ್ನುಗ್ಗುವುದು ಅವರ ದೃಷ್ಟಿಯಲ್ಲಿ ದುಡುಕು; ನಿರ್ಣಯಿಸಿಯೂ ನಿಲ್ಲಲಾರದಿರುವುದು ಚಂಚಲತೆ. ಇವುಗಳ ಜೊತೆಗೆ, ವಿವೇಕದ ವೇಷ ಧರಿಸಿ ಬರುವ ದೋಷವೊಂದನ್ನೂ ಅವರು ಗುರುತಿಸುತ್ತಾರೆ. ಅದೇ ಕಪಟ ಚಾತುರ್ಯ. ಗುರಿ ಒಳ್ಳೆಯದೇ ಆಗಿದ್ದರೂ ಅದನ್ನು ಸುಳ್ಳಿನ ದಾರಿಯಿಂದ ಮುಟ್ಟಲು ಹೊರಟರೆ ಅದು ವಿವೇಕವಲ್ಲ, ಕಪಟ. ಮಗಳಿಗೆ ಮದುವೆಯಾಗಲಿ ಎಂಬುದು ಒಳ್ಳೆಯ ಗುರಿ. ಸಾವಿರ ಸುಳ್ಳು ಆ ಗುರಿಗೆ ತಕ್ಕ ದಾರಿಯಲ್ಲ.

ಶ್ರೀಗ್ರಂಥದ ಆದಿಕಾಂಡದಲ್ಲಿ ಒಂದೇ ಕುಟುಂಬದ ಎರಡು ಮದುವೆಗಳು ಈ ಎರಡು ದಾರಿಗಳನ್ನೂ ನಮ್ಮ ಕಣ್ಣ ಮುಂದಿಡುತ್ತವೆ. ಇಸಾಕನಿಗೆ ಹೆಣ್ಣು ಹುಡುಕಲು ಅಬ್ರಹಾಮನು ತನ್ನ ಸೇವಕನನ್ನು ದೂರದ ನಾಡಿಗೆ ಕಳುಹಿಸುತ್ತಾನೆ. ಸೇವಕನು ಮೊದಲು ಪ್ರಾರ್ಥಿಸುತ್ತಾನೆ; ಅನಂತರ ಒಂದು ಲಕ್ಷಣವನ್ನು ನಿಶ್ಚಯಿಸಿಕೊಳ್ಳುತ್ತಾನೆ. ಆ ಲಕ್ಷಣ ರೂಪವಲ್ಲ, ಆಸ್ತಿಯಲ್ಲ. ದಣಿದು ಬಂದ ಅಪರಿಚಿತನಿಗೆ ನೀರು ಕೊಟ್ಟು, ಕೇಳದಿದ್ದರೂ ಅವನ ಹತ್ತು ಒಂಟೆಗಳಿಗೂ ನೀರು ಸೇದಿ ಹಾಕುವ ಮನಸ್ಸು. ರೆಬೆಕ್ಕಳಲ್ಲಿ ಆ ಮನಸ್ಸನ್ನು ಕಂಡು ಅವಳ ಮನೆಗೆ ಹೋದಾಗ, ಬಂದ ಕಾರ್ಯವನ್ನು ಪೂರ್ತಿ ಹೇಳುವ ತನಕ ಊಟವನ್ನೇ ಮುಟ್ಟುವುದಿಲ್ಲ ಎನ್ನುತ್ತಾನೆ. ಎಲ್ಲವನ್ನೂ ಬಿಚ್ಚಿ ಹೇಳುತ್ತಾನೆ. ಮನೆಯವರು ಹುಡುಗಿಯನ್ನು ಕರೆದು 'ಹೋಗುವೆಯಾ?' ಎಂದು ಅವಳನ್ನೇ ಕೇಳುತ್ತಾರೆ, ಅವಳು ಒಪ್ಪುತ್ತಾಳೆ.

ಮುಂದೆ ಅದೇ ರೆಬೆಕ್ಕಳ ಅಣ್ಣ ಲಾಬಾನನು ಯಕೋಬನಿಗೆ ಮಾಡಿದ್ದೇನು? ರಾಖೇಲಳಿಗಾಗಿ ಏಳು ವರ್ಷ ದುಡಿದವನಿಗೆ ಮದುವೆಯ ರಾತ್ರಿಯ ಕತ್ತಲಲ್ಲಿ ಅವಳ ಅಕ್ಕ ಲೇಯಳನ್ನು ಒಪ್ಪಿಸಿದನು. ಬೆಳಗಾದ ಮೇಲೆ ಕೇಳಿದರೆ ಹಿರಿಯಳಿಗಿಂತ ಮೊದಲು ಕಿರಿಯಳನ್ನು ಕೊಡುವುದು ನಮ್ಮ ಊರಿನ ಪದ್ಧತಿಯಲ್ಲ ಎಂದು ಜಾರಿಕೊಂಡನು. ತಂದೆಯನ್ನು ವಂಚಿಸಿ ಬಂದ ಯಕೋಬನು ಇಲ್ಲಿ ತಾನೇ ವಂಚಿತನಾದನು. ಈ ಸುಳ್ಳಿನ ಬೆಲೆ ತೆತ್ತವರು ಯಾರು? ಗಂಡನ ಪ್ರೀತಿಗಾಗಿ ಹಂಬಲಿಸಿದ ಲೇಯ, ಅಕ್ಕನ ಮೇಲೆ ಮತ್ಸರ ತಾಳಿದ ರಾಖೇಲ, ಒಬ್ಬರನ್ನೊಬ್ಬರು ದ್ವೇಷಿಸುತ್ತ ಬೆಳೆದ ಮಕ್ಕಳು. ಸುಳ್ಳು ಹೇಳಿದವನ ಕಾರ್ಯ ಒಂದು ರಾತ್ರಿಯಲ್ಲಿ ಮುಗಿಯಿತು. ಅದರ ಫಲವನ್ನು ಒಂದು ಮನೆತನ ತಲೆಮಾರಿನುದ್ದಕ್ಕೂ ಉಂಡಿತು.

ಹಾಗಾದರೆ ಏನನ್ನು ವಿಚಾರಿಸಬೇಕು? ಸಂಬಳ, ತೋಟ, ವಿದ್ಯಾಭ್ಯಾಸಗಳನ್ನು ವಿಚಾರಿಸುವುದು ತಪ್ಪಲ್ಲ. ಆದರೆ ಅಲ್ಲಿಗೇ ನಿಲ್ಲಬಾರದು. ಈ ವ್ಯಕ್ತಿ ಕೊಟ್ಟ ಮಾತನ್ನು ಉಳಿಸಿಕೊಳ್ಳುವವನೇ? ಸಿಟ್ಟು ಬಂದಾಗ ಹೇಗೆ ನಡೆದುಕೊಳ್ಳುತ್ತಾನೆ? ಹಣವಿಲ್ಲದಾಗ ಹೇಗೆ ಬಾಳುತ್ತಾಳೆ? ತೋಟದ ಆಳುಗಳನ್ನೂ ಮನೆಯ ವೃದ್ಧರನ್ನೂ ಹೇಗೆ ಕಾಣುತ್ತಾರೆ? ಪ್ರಾರ್ಥನೆ, ಭಾನುವಾರದ ಬಲಿಪೂಜೆ ಬದುಕಿನ ಭಾಗವಾಗಿವೆಯೇ, ಇಲ್ಲವೇ ಮದುವೆಯ ಪತ್ರಗಳಿಗಾಗಿ ಮಾತ್ರ ದೇವಾಲಯದ ನೆನಪಾಗಿದೆಯೇ? ಒಂದು ಮಾತನ್ನು ನಾವು ಸ್ಪಷ್ಟಪಡಿಸಬೇಕು. ಧರ್ಮಕೇಂದ್ರದ ಗುರುಗಳು ಕೊಡುವ ಪತ್ರವು ವ್ಯಕ್ತಿ ದೀಕ್ಷಾಸ್ನಾನ ಪಡೆದವನೆಂದೂ ವಿವಾಹವಾಗಲು ಅಡ್ಡಿಯಿಲ್ಲದವನೆಂದೂ ಹೇಳುತ್ತದೆ. ಅದು ಗುಣಪತ್ರವಲ್ಲ. ಗುಣವನ್ನು ಅರಿಯುವ ಹೊಣೆ ಮದುವೆಯಾಗುವವರದು. 2016ರಲ್ಲಿ ಜಗದ್ಗುರು ಫ್ರಾನ್ಸಿಸರು ಪ್ರೀತಿಯ ಆನಂದವನ್ನು ಕುರಿತು ಪ್ರಕಟಿಸಿದ ಬೋಧನಾಪತ್ರದಲ್ಲಿ, ವಿವಾಹದಿಂದ ತಾವು ಏನನ್ನು ನಿರೀಕ್ಷಿಸುತ್ತೇವೆ, ಎಂತಹ ಬಾಳನ್ನು ಕಟ್ಟಬಯಸುತ್ತೇವೆ ಎಂಬುದನ್ನು ವಧುವರರು ಮೊದಲೇ ಮಾತನಾಡಿಕೊಳ್ಳಬೇಕೆಂದು ಒತ್ತಿ ಹೇಳಿದ್ದಾರೆ. ಹಿರಿಯರ ಎದುರಿನಲ್ಲಿ ಹತ್ತು ನಿಮಿಷದ ಮಾತು ಇದಕ್ಕೆ ಸಾಲದು. ವಿವಾಹಪೂರ್ವ ಶಿಬಿರಕ್ಕೆ ಪ್ರಮಾಣಪತ್ರದ ಸಲುವಾಗಿ ಹೋಗಿ ಬರುವುದೂ ಸಾಲದು.

ಏನನ್ನು ಹೇಳಬೇಕು? ಇಬ್ಬರ ಕೂಡುಬಾಳನ್ನು ಮುಟ್ಟುವ ಎಲ್ಲವನ್ನೂ: ಸಾಲ, ಆರೋಗ್ಯ, ದುಶ್ಚಟ, ಹಿಂದಿನ ಬಂಧನ, ಮಕ್ಕಳ ಬಗೆಗಿನ ನಿಲುವು, ಮದುವೆಯ ಬಳಿಕ ಊರಿನಲ್ಲಿರುವುದೋ ಪೇಟೆಯಲ್ಲೋ ಎಂಬ ನಿರ್ಧಾರ. ಹಾಗೆಂದು ಪಾಪನಿವೇದನೆಯಲ್ಲಿ ಹೇಳಿ ಕ್ಷಮೆ ಪಡೆದ ಪ್ರತಿಯೊಂದು ತಪ್ಪನ್ನೂ ಬಿಚ್ಚಬೇಕೆಂದಿಲ್ಲ. ಊರಿಗೆಲ್ಲ ಸಾರಬೇಕೆಂದಂತೂ ಇಲ್ಲವೇ ಇಲ್ಲ. ತಿಳಿಯುವ ಹಕ್ಕುಳ್ಳವರಿಗೆ, ತಕ್ಕ ಸಮಯದಲ್ಲಿ, ನಿಶ್ಚಿತಾರ್ಥಕ್ಕೆ ಮುಂಚೆಯೇ ಹೇಳಿದರೆ ಸಾಕು.

ನೆರೆಹೊರೆಯವರಿಗೂ ಒಂದು ಕರ್ತವ್ಯವಿದೆ. 'ಮದುವೆ ತಪ್ಪಿಸಿದ ಪಾಪ ನಮಗೇಕೆ?' ಎಂದು ಗೊತ್ತಿದ್ದೂ ಬಾಯಿ ಮುಚ್ಚಿಕೊಳ್ಳುವುದು ನಮ್ಮಲ್ಲಿ ರೂಢಿ. ದೇವಾಲಯದಲ್ಲಿ ವಿವಾಹದ ಪ್ರಕಟಣೆ ಓದುವ ಕ್ರಮವನ್ನು 1215ರ ಲ್ಯಾಟರನ್ ಮಹಾಸಭೆ ಇಡೀ ಧರ್ಮಸಭೆಗೆ ವಿಧಿಸಿದ್ದು ಈ ಮೌನವನ್ನು ಮುರಿಯುವುದಕ್ಕಾಗಿ. ವಿವಾಹಕ್ಕೆ ಅಡ್ಡಿಯಿದೆಯೆಂದು ಬಲ್ಲವರು ಅದನ್ನು ಗುರುಗಳಿಗೆ ತಿಳಿಸಲು ಬದ್ಧರು ಎನ್ನುತ್ತದೆ 1069ನೆಯ ನಿಯಮ. ಚಾಡಿ ಹೇಳುವುದು ಪಾಪ. ಹೆಸರಿಲ್ಲದ ಪತ್ರ ಬರೆಯುವುದು ಹೇಡಿತನ. ಆದರೆ ಬಲ್ಲ ಸತ್ಯವನ್ನು ಸಂಬಂಧಪಟ್ಟವರಿಗೆ ಮುಖತಃ ಹೇಳುವುದು ಪರೋಪಕಾರ.

ತಾವೇ ಸಂಗಾತಿಯನ್ನು ಆರಿಸಿಕೊಳ್ಳುವ ಯುವಜನರಿಗೂ ಇದೇ ಮಾತು. ನಮ್ಮ ಲ್ಯಾಟಿನ್ ಸಂಪ್ರದಾಯದ ಕುಟುಂಬಗಳಿಗೂ ನರಸಿಂಹರಾಜಪುರದ ಕಡೆ ನೆಲೆಸಿದ ಸಿರೋ ಮಲಬಾರ್ ಕುಟುಂಬಗಳಿಗೂ ಸಂಬಂಧ ಬೆಳೆದರೆ ಅದು ಒಂದೇ ವಿಶ್ವಾಸದ ಇಬ್ಬರ ಮದುವೆ. ಭಾಷೆ, ಆಚಾರಗಳ ಭೇದವನ್ನು ದೊಡ್ಡದು ಮಾಡಬೇಕಾಗಿಲ್ಲ. ಕಥೋಲಿಕರಲ್ಲದ ಕ್ರೈಸ್ತರನ್ನು ವರಿಸಲು ಧರ್ಮಾಧ್ಯಕ್ಷರ ಅನುಮತಿಯೂ, ದೀಕ್ಷಾಸ್ನಾನ ಪಡೆಯದವರನ್ನು ವರಿಸಲು ವಿನಾಯಿತಿಯೂ ಬೇಕು. ಆಗ ಕಥೋಲಿಕರು ತಮ್ಮ ವಿಶ್ವಾಸವನ್ನು ಬಿಡುವುದಿಲ್ಲವೆಂದೂ, ಮಕ್ಕಳನ್ನು ಅದರಲ್ಲಿ ಬೆಳೆಸಲು ಕೈಲಾದಷ್ಟು ಶ್ರಮಿಸುವೆವೆಂದೂ ಮಾತು ಕೊಡಬೇಕು. ಈ ಮಾತು ಇನ್ನೊಬ್ಬರಿಗೂ ತಿಳಿದಿರಬೇಕು. ಇದನ್ನು ಕೊನೆಯ ವಾರದವರೆಗೆ ಮುಚ್ಚಿಡುವವರು ತಮ್ಮ ವಿಶ್ವಾಸಕ್ಕೂ ತಾವು ಪ್ರೀತಿಸುವ ವ್ಯಕ್ತಿಗೂ ಅನ್ಯಾಯ ಮಾಡುತ್ತಾರೆ. ಮದುವೆಗಾಗಿ ಮಾತ್ರ ವಿಶ್ವಾಸದ ವೇಷ ತೊಡುವುದೂ ಸುಳ್ಳೇ.

ಸತ್ಯ ಹೊರಬಿದ್ದಾಗ ಮಾತು ಮುರಿಯಬಹುದು. ಮುರಿಯಲಿ. ನಿಶ್ಚಿತಾರ್ಥವಾಯಿತೆಂಬ ಕಾರಣಕ್ಕೆ ಮದುವೆಯಾಗಲೇಬೇಕೆಂದು ಒತ್ತಾಯಿಸುವ ಹಕ್ಕನ್ನು ಧರ್ಮಸಭೆ ಯಾರಿಗೂ ಕೊಟ್ಟಿಲ್ಲ. ಮಂಟಪಕ್ಕೆ ಮುಂಗಡ ಕೊಟ್ಟಾಗಿದೆ, ಕರೆಯೋಲೆ ಹಂಚಿಯಾಗಿದೆ, ಜನ ಏನೆಂದಾರು ಎನ್ನುವ ತಂದೆತಾಯಿಗಳು ಒಂದು ದಿನದ ನಾಚಿಕೆಯನ್ನೂ ಮಗಳ ಆಯುಷ್ಯದ ಕಣ್ಣೀರನ್ನೂ ತಕ್ಕಡಿಯಲ್ಲಿಟ್ಟು ತೂಗಲಿ.

ಊರಿನಲ್ಲಿ ನಿಂತು ದುಡಿಯುವ ಯುವಕರಿಗೆ ನಮ್ಮದೊಂದು ಮಾತು: ಸಾಲವಿದ್ದರೆ ಸಾಲವಿದೆ ಎನ್ನಿ, ಅದನ್ನು ತೀರಿಸಲು ಏನು ಮಾಡುತ್ತಿದ್ದೀರಿ ಎಂಬುದನ್ನೂ ಹೇಳಿ. ಮೊದಲ ಭೇಟಿಯಲ್ಲೇ ಸಾಲದ ಲೆಕ್ಕ ಮುಂದಿಡಬಲ್ಲವನು ನಾಳೆ ಕಷ್ಟ ಬಂದಾಗ ಹೆಂಡತಿಯಿಂದ ಏನನ್ನೂ ಬಚ್ಚಿಡಲಾರ. ಹೆಣ್ಣು ಹೆತ್ತವರಿಗೂ ಒಂದು ಮಾತು: ಅಂತಹವನ ಸತ್ಯವನ್ನು ಕೇಳಿ ಎದ್ದು ಹೋಗಬೇಡಿ. ದೂರದ ಊರಿನ ದೊಡ್ಡ ಸಂಬಳದ ಬಗ್ಗೆ ನೀವು ಅಷ್ಟು ನಿಶ್ಚಯವಾಗಿ ಏನನ್ನು ಬಲ್ಲಿರಿ? ಸತ್ಯ ಹೇಳಿದವನನ್ನು ನಾವೇ ದಂಡಿಸುತ್ತ ಬಂದರೆ ಸುಳ್ಳು ಹೇಳುವುದನ್ನು ಕಲಿಸಿದವರೂ ನಾವೇ ಆಗುತ್ತೇವೆ.

ಪ್ರಿಯ ಬಂಧುಗಳೇ, ಬಲಿಪೀಠದ ಮುಂದೆ ವಧುವರರು ಆಡುವುದು ಕೆಲವೇ ಮಾತುಗಳು. ಆ ಮಾತುಗಳಿಗೆ ದೇವರೇ ಸಾಕ್ಷಿ. ಅವು ಸತ್ಯವಾಗಿರಬೇಕಾದರೆ ಅವುಗಳಿಗೆ ಮುಂಚೆ ಎರಡು ಮನೆಗಳ ಜಗಲಿಯ ಮೇಲೆ ಆಡಿದ ಮಾತುಗಳೂ ಸತ್ಯವಾಗಿರಬೇಕು. ಈ ವರ್ಷ ಮದುವೆಯ ಮಾತಿಗೆ ಕುಳಿತುಕೊಳ್ಳುವ ಪ್ರತಿಯೊಂದು ಕುಟುಂಬವೂ ಮೊದಲು ಒಂದು ಕ್ಷಣ ಪ್ರಾರ್ಥಿಸಿ, ಅನಂತರ ಮುಚ್ಚಿಡಬೇಕೆನಿಸಿದ ಆ ಒಂದು ವಿಷಯವನ್ನೇ ಮೊದಲು ಹೇಳಿಬಿಡಲಿ. ಪ್ರಭು ಯೇಸುವು ಕಾನಾ ಊರಿನ ಮದುವೆಮನೆಗೆ ಬಂದಂತೆ ಆ ಮನೆಗೂ ಬರಲಿ.